ಮಕ್ಕಳ ಕೀಲುವಾತ

(ಮೆಹದಿಪಟ್ಟಣಂನಲ್ಲಿ ನೆರೆದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಮಾತನಾಡುವುದು ವಾಡಿಕೆ. ಹಾಗಿರುವಲ್ಲಿ ಕೀಲುನೋವಿನ ವಿಷಯವನ್ನೆತ್ತಿಕೊಂಡು ನಾವು ತಮ್ಮ ಮುಂದೆ ನಿಂತಿರುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ನಾವು ವೈದ್ಯರಲ್ಲ. ಬಿ.ಕಾಂ. ಓದಿ ಬ್ಯಾಂಕೊಂದರಲ್ಲಿ ಗುಮಾಸ್ತೆ ಕೆಲಸ ಮಾಡಿಕೊಂಡಿರುವವರು. ಆದರೆ ನಮ್ಮ ಮನೆತನದ ಒಂದು ಮಗುವಿಗೆ ಈ ರೋಗ ಬಂದುದರಿಂದ, ಏಳು ವರ್ಷಗಳಿಂದ ವೈದ್ಯರ ಬಾಯಿಂದ ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ಜಮಾಖರ್ಚಿನ ಪುಸ್ತಕದಂತೆ ಬರೆದಿಟ್ಟುಕೊಂಡು ಬಂದಿದ್ದೇವೆ. ಅದನ್ನು ಇಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು. ನಮ್ಮ ಮಾತು ಔಷಧಿಯ ಚೀಟಿಯಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಹೋದಮೇಲೆ ಏನನ್ನು ಕೇಳಬೇಕು ಎಂಬಷ್ಟನ್ನು ತಿಳಿಸುವುದು ಮಾತ್ರ ನಮ್ಮ ಉದ್ದೇಶ.

ಕೀಲುವಾತವೆಂದರೆ ಅಜ್ಜ ಅಜ್ಜಿಯರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಕ್ಕಳಿಗೂ ಅದು ಬರುತ್ತದೆಯೆಂದರೆ ಓದಿದವರೇ ಹುಬ್ಬೇರಿಸುತ್ತಾರೆ. ಆದರೆ ಇದು ಹೊಸದಾಗಿ ಹುಟ್ಟಿದ ವ್ಯಾಧಿಯೇನಲ್ಲ. ೧೮೯೭ರಲ್ಲಿ ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯರು ಕೀಲೂತದಿಂದ ನರಳುತ್ತಿದ್ದ ೨೨ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇದು ದೊಡ್ಡವರ ಕೀಲುವಾತದ ಚಿಕ್ಕ ಪ್ರತಿಯಲ್ಲ, ಬೇರೆಯೇ ಲಕ್ಷಣಗಳುಳ್ಳದ್ದು ಎಂದು ತೋರಿಸಿಕೊಟ್ಟರು. ಈಗ ವೈದ್ಯರು ಇದನ್ನು ಜುವೆನೈಲ್ ಇಡಿಯೋಪತಿಕ್ ಆರ್ಥ್ರೈಟಿಸ್ ಎಂದು ಕರೆಯುತ್ತಾರೆ. ಮೊದಲ ಪದಕ್ಕೆ ಎಳೆಯರದು ಎಂದೂ ಎರಡನೆಯದಕ್ಕೆ ಕಾರಣ ತಿಳಿಯದ್ದು ಎಂದೂ ಮೂರನೆಯದಕ್ಕೆ ಕೀಲಿನ ಉರಿಯೂತ ಎಂದೂ ಅರ್ಥ. ಹದಿನಾರನೆಯ ಹುಟ್ಟುಹಬ್ಬಕ್ಕೆ ಮುನ್ನ ಆರಂಭವಾಗಿ, ಕನಿಷ್ಠ ೬ ವಾರ ಇಳಿಯದೆ ನಿಂತ, ಬೇರೆ ಕಾರಣ ಕಾಣದ ಕೀಲೂತಕ್ಕೆ ಈ ಹೆಸರು ಸಲ್ಲುತ್ತದೆ. ಲಕ್ಷ ಮಕ್ಕಳಲ್ಲಿ ೧೬ರಿಂದ ೧೫೦ರವರೆಗೆ ಎಂದು ನಾನಾ ದೇಶಗಳ ಗಣನೆ ಹೇಳುತ್ತದೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ನಮ್ಮಂಥ ಜನಭರಿತ ದೇಶದಲ್ಲಿ ಇಂಥ ಮಕ್ಕಳ ಸಂಖ್ಯೆ ಸಣ್ಣದಾಗಿರಲಾರದು.

ಕೀಲಿನಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ನೋಡೋಣ. ಎರಡು ಮೂಳೆಗಳು ಕೂಡುವೆಡೆಯಲ್ಲಿ ಅವುಗಳ ತುದಿಗೆ ನುಣುಪಾದ ಮೆದುಮೂಳೆಯ ಹೊದಿಕೆಯಿದೆ. ಕೀಲಿನ ಸುತ್ತ ತೆಳ್ಳನೆಯ ಪೊರೆಯೊಂದಿದ್ದು, ಅದು ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಯಂಥ ದ್ರವವನ್ನು ಸ್ರವಿಸುತ್ತದೆ. ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಈ ಪೊರೆಯ ಮೇಲೆ ಏರಿಹೋದಾಗ ಪೊರೆ ದಪ್ಪವಾಗುತ್ತದೆ, ದ್ರವ ಮಿತಿಮೀರುತ್ತದೆ, ಕೀಲು ಊದಿ ಬೆಚ್ಚಗಾಗುತ್ತದೆ. ಹಾಗೆಯೇ ಬಿಟ್ಟರೆ ಮೆದುಮೂಳೆ ಸವೆಯುತ್ತದೆ. ಮಕ್ಕಳಲ್ಲಿ ಇನ್ನೊಂದು ಸಂಕಟವೂ ಉಂಟು. ಅವರ ಮೂಳೆಗಳು ಬೆಳೆಯುವ ಭಾಗ ಕೀಲಿನ ಪಕ್ಕದಲ್ಲಿಯೇ ಇರುವುದರಿಂದ, ಎಳೆಯ ಮಗುವಿನ ಒಂದು ಮಂಡಿ ಬಹುಕಾಲ ಊದಿಕೊಂಡಿದ್ದರೆ ಅಲ್ಲಿ ರಕ್ತದ ಓಟ ಹೆಚ್ಚಿ ಆ ಕಾಲು ಮತ್ತೊಂದಕ್ಕಿಂತ ಉದ್ದವಾಗಬಹುದು. ದವಡೆಯ ಕೀಲಿಗೆ ಬಂದರೆ ಗಲ್ಲದ ಬೆಳವಣಿಗೆ ಕುಂಠಿತವಾಗಬಹುದು. ದೊಡ್ಡವರ ರೋಗ ಬೆಳೆದ ದೇಹವನ್ನು ಕೆಡಿಸುತ್ತದೆ. ಇದು ಬೆಳೆಯುತ್ತಿರುವ ದೇಹದ ಆಕಾರವನ್ನೇ ಬದಲಿಸುತ್ತದೆ. ಆದಕಾರಣವೇ ಇಲ್ಲಿ ಕಾಲವಿಳಂಬ ಸಲ್ಲದು.

ಆದರೆ ವಿಳಂಬವಾಗುವುದು ಸುಲಭ. ಏಕೆಂದರೆ ಎಳೆಯ ಮಗು "ನನಗೆ ಮಂಡಿ ನೋಯುತ್ತದೆ" ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಅದು ತನ್ನ ನಡತೆಯಿಂದ ಹೇಳುತ್ತದೆ. ನಡೆಯಲು ಕಲಿತ ಕೂಸು ಮತ್ತೆ ಎತ್ತಿಕೊಳ್ಳೆಂದು ಕೈ ಚಾಚುತ್ತದೆ. ಬೆಳಿಗ್ಗೆ ಎದ್ದೊಡನೆ ಕುಂಟುವ ಮಗು ಹತ್ತು ಗಂಟೆಯ ವೇಳೆಗೆ ಓಡಾಡುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಒಲ್ಲೆನ್ನುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಹುಡುಗ ತಾಯಿಯನ್ನು ಕರೆಯುತ್ತಾನೆ. ಶಾಲೆಯಲ್ಲಿ ಅಕ್ಷರ ಕೆಡುತ್ತದೆ. ರಾತ್ರಿಯೆಲ್ಲ ಅಲುಗಾಡದೆ ಇದ್ದ ಕೀಲು ಬೆಳಗಿನ ಹೊತ್ತಿಗೆ ಬಿಗಿದಿರುತ್ತದೆ, ಆಡಿಸಿದಂತೆ ಸಡಿಲವಾಗುತ್ತದೆ. ಈ ಬೆಳಗಿನ ಬಿಗಿತವೇ ಬಹು ಮುಖ್ಯವಾದ ಗುರುತು. ಹಿರಿಯರು ಇದನ್ನು ಹಟವೆಂದೋ ಶಾಲೆ ತಪ್ಪಿಸುವ ನೆಪವೆಂದೋ ತಿಳಿಯುವುದುಂಟು. ಮಧ್ಯಾಹ್ನ ಆಡಿದ ಮಗು ಬೆಳಿಗ್ಗೆ ಕುಂಟಿದ್ದು ಸುಳ್ಳೆಂದು ತೀರ್ಮಾನಿಸಬಾರದು. ಅದು ಈ ರೋಗದ ಸ್ವಭಾವ.

ಹಾಗೆಂದು ಪ್ರತಿಯೊಂದು ಕಾಲುನೋವಿಗೂ ಬೆದರಬೇಕಾಗಿಲ್ಲ. ಆಡಿ ದಣಿದ ಮಕ್ಕಳಿಗೆ ಸಂಜೆಯೋ ರಾತ್ರಿಯೋ ಎರಡು ಕಾಲುಗಳಲ್ಲೂ ನೋವು ಬಂದು, ನೀವಿದರೆ ಶಮನವಾಗಿ, ಬೆಳಿಗ್ಗೆ ಏನೂ ಇಲ್ಲದಂತೆ ಇರುವುದುಂಟು. ಅದಕ್ಕೆ ಬೆಳವಣಿಗೆಯ ನೋವೆಂದು ಹೆಸರು, ಅದರಲ್ಲಿ ಊತವಿರುವುದಿಲ್ಲ. ಚಿಕೂನ್‌ಗುನ್ಯ ಜ್ವರದ ಕೀಲುನೋವನ್ನು ೨೦೦೬ರಲ್ಲಿ ಕರ್ನಾಟಕ ಆಂಧ್ರಗಳ ಜನ ಕಂಡುಂಡಿದ್ದಾರೆ. ಗಂಟಲುನೋವಿನ ತರುವಾಯ ಬರುವ ರುಮ್ಯಾಟಿಕ್ ಜ್ವರದಲ್ಲಿ ಊತ ಒಂದು ಕೀಲನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತ ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಆದರೆ ಹೃದಯಕ್ಕೆ ಹಾನಿ ಮಾಡಬಲ್ಲದು. ಒಂದೇ ಕೀಲು ತಿಂಗಳುಗಟ್ಟಲೆ ಊದಿದ್ದರೆ ನಮ್ಮ ದೇಶದಲ್ಲಿ ಕ್ಷಯವನ್ನೂ ಶಂಕಿಸಬೇಕಾಗುತ್ತದೆ. ಕೀಲು ಕೆಂಪಾಗಿ, ಮುಟ್ಟಗೊಡದಷ್ಟು ನೋವಿದ್ದು ಜ್ವರವೇರಿದರೆ ಕೀವು ತುಂಬಿರಬಹುದು. ಆಗ ಅಂದೇ ಆಸ್ಪತ್ರೆಗೆ ಓಡಬೇಕು. ರಾತ್ರಿ ಎಬ್ಬಿಸುವ ಮೂಳೆನೋವು, ಬಿಳಿಚಿದ ಮೈ, ಇಳಿದ ತೂಕ ಇವು ರಕ್ತದ ಕ್ಯಾನ್ಸರಿನ ಸೂಚನೆಯೂ ಆಗಬಹುದು. ಇವನ್ನೆಲ್ಲ ಬೇರ್ಪಡಿಸುವುದು ವೈದ್ಯರ ಕೆಲಸ. ಕೀಲಿನಲ್ಲಿ ಊತವಿದೆಯೆ, ಬೆಳಗಿನ ಬಿಗಿತವಿದೆಯೆ, ಎಷ್ಟು ವಾರವಾಯಿತು ಎಂಬ ಮೂರು ಸಂಗತಿಗಳನ್ನು ಗಮನಿಸಿ ಅವರಿಗೆ ಹೇಳುವುದು ತಾಯಿತಂದೆಯರ ಕೆಲಸ.

ಈ ರೋಗದಲ್ಲಿ ಏಳು ವರ್ಗಗಳನ್ನು ವೈದ್ಯಶಾಸ್ತ್ರ ಎಣಿಸುತ್ತದೆ. ಎಲ್ಲವನ್ನೂ ಇಲ್ಲಿ ವಿವರಿಸಲು ಕಾಲವಿಲ್ಲ. ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕೆ ಕಡಿಮೆ ಕೀಲುಗಳನ್ನು ಹಿಡಿಯುವುದು ಒಂದು. ಹೆಚ್ಚಾಗಿ ಆರು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಕಾಣುವುದು. ಐದು ಅಥವಾ ಅದಕ್ಕೆ ಹೆಚ್ಚು ಕೀಲುಗಳನ್ನು, ಬೆರಳು ಮಣಿಕಟ್ಟುಗಳನ್ನೂ ಹಿಡಿಯುವುದು ಇನ್ನೊಂದು. ಮೂರನೆಯದು ಆರು ವರ್ಷ ದಾಟಿದ ಗಂಡುಹುಡುಗರಲ್ಲಿ ಹೆಚ್ಚು. ಹಿಮ್ಮಡಿ, ಸೊಂಟ, ಮಂಡಿಗಳಲ್ಲಿ ಸ್ನಾಯು ಮೂಳೆಗೆ ಅಂಟುವ ಜಾಗ ನೋಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮೊದಲ ವರ್ಗವೇ ಹೆಚ್ಚಾದರೆ, ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಅನುಭವದಲ್ಲಿ ಈ ಮೂರನೆಯದು ಅಲ್ಲಿಗಿಂತ ಹೆಚ್ಚಾಗಿ ಕಾಣುತ್ತದೆ. ಇನ್ನೊಂದು ವರ್ಗದಲ್ಲಿ ಕೀಲಿಗಿಂತ ಮೊದಲು ದಿನಕ್ಕೊಮ್ಮೆ ಏರಿಳಿಯುವ ಜ್ವರ ವಾರಗಟ್ಟಲೆ ಕಾಡುತ್ತದೆ. ಜ್ವರ ಏರಿದಾಗ ಮೈಮೇಲೆ ನಸುಗೆಂಪು ಗಂಧೆ ಎದ್ದು, ಇಳಿದಾಗ ಮಾಯವಾಗುತ್ತದೆ. ಟೈಫಾಯಿಡೆಂದು ಔಷಧಿ ನಡೆಯುತ್ತಿರುವ ಮಗುವಿನಲ್ಲಿ ಹೀಗೆ ಕಂಡರೆ ವೈದ್ಯರ ಗಮನಕ್ಕೆ ತರಬೇಕು. ಈ ಬಗೆ ಒಮ್ಮೊಮ್ಮೆ ಪ್ರಾಣಾಂತಿಕವಾಗಬಹುದು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ತಂಗಿಯನ್ನು ಬೀದರ ಜಿಲ್ಲೆಯ ಹುಮನಾಬಾದಿನ ಕಡೆ ಕೊಟ್ಟಿದೆ. ಅವಳ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಎಡಮಂಡಿ ಊದಿತು, ಕೆಲವು ದಿನಗಳ ಮೇಲೆ ಬಲಗಾಲಿನ ಹರಡೂ ಊದಿತು. ಬಿದ್ದಿರಬೇಕೆಂದು ಒಬ್ಬರು ಎಣ್ಣೆ ಹಚ್ಚಿ ನೀವಿದರು. ಒಬ್ಬ ವೈದ್ಯರು ರಕ್ತ ತೆಗೆಸಿ ಆರ್.ಎ. ಇಲ್ಲ, ಆದ್ದರಿಂದ ಕೀಲುವಾತವಿಲ್ಲ ಎಂದರು. ಮತ್ತೊಬ್ಬರು ಎ.ಎಸ್.ಓ. ಹೆಚ್ಚಿದೆಯೆಂದು ರುಮ್ಯಾಟಿಕ್ ಜ್ವರದ ಪೆನಿಸಿಲಿನ್ ಸೂಜಿಯನ್ನು ಮೂರು ವಾರಕ್ಕೊಮ್ಮೆ ಹಾಕಿಸಿದರು. ಹೀಗೆ ಏಳು ತಿಂಗಳು ಕಳೆಯಿತು. ಯಾರ ಮೇಲೂ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಆರ್.ಎ. ಪರೀಕ್ಷೆ ಮಕ್ಕಳ ಕೀಲುವಾತದ ಬಹುಪಾಲು ಪ್ರಸಂಗಗಳಲ್ಲಿ ಇಲ್ಲವೆಂದೇ ಬರುತ್ತದೆ, ಎ.ಎಸ್.ಓ. ಹೆಚ್ಚಿದ್ದರೆ ಹಿಂದೆ ಗಂಟಲಿಗೆ ಸೋಂಕು ತಗಲಿತ್ತೆಂದಷ್ಟೇ ತಿಳಿಯುತ್ತದೆ. ಮೊದಲ ತಿಂಗಳುಗಳ ಕ್ಷಕಿರಣದ ಚಿತ್ರ ಸರಿಯಾಗಿಯೇ ಕಾಣಬಹುದು. ಈ ರೋಗವನ್ನು ಹಿಡಿಯುವುದು ಕೀಲನ್ನು ಮುಟ್ಟಿ ನೋಡುವ ಅನುಭವಿ ಕೈಗಳೇ ಹೊರತು ಯಾವುದೊಂದು ರಕ್ತಪರೀಕ್ಷೆಯೂ ಅಲ್ಲ. ಮಗುವನ್ನು ಹೈದರಾಬಾದಿಗೆ ಕರೆತಂದಾಗ ಎಡಗಾಲು ಒಂದು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗಿತ್ತು, ಎಡತೊಡೆ ತೆಳ್ಳಗಾಗಿತ್ತು, ಮಂಡಿ ಪೂರ್ತಿ ಚಾಚಲು ಬರುತ್ತಿರಲಿಲ್ಲ.

ಇಲ್ಲಿ ಕೀಲುರೋಗದ ವೈದ್ಯರು ಮಗುವನ್ನು ಪರೀಕ್ಷಿಸಿ ಮೊದಲು ಹೇಳಿದ ಮಾತು, ಕಣ್ಣು ತೋರಿಸಿ ಬನ್ನಿ ಎಂದು. ನಮ್ಮ ತಂಗಿ ಬೆರಗಾದಳು. ಮಗುವಿನ ಕಣ್ಣು ಕೆಂಪಾಗಿರಲಿಲ್ಲ, ನೀರು ಸುರಿಯುತ್ತಿರಲಿಲ್ಲ, ನೋವೆಂದು ಅದು ಹೇಳಿರಲಿಲ್ಲ. ಆದರೂ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಬಲಗಣ್ಣಿನೊಳಗೆ ಉರಿಯೂತ ಕಂಡುಬಂದಿತು. ಯುವಿಯೈಟಿಸ್ ಎಂದು ಇದರ ಹೆಸರು. ಕೆಲವೇ ಕೀಲುಗಳನ್ನು ಹಿಡಿಯುವ ವರ್ಗದ ಎಳೆಯ ಮಕ್ಕಳಲ್ಲಿ, ಅದರಲ್ಲೂ ಎ.ಎನ್.ಎ. ಎಂಬ ರಕ್ತಪರೀಕ್ಷೆ ಇದೆಯೆಂದು ಬಂದವರಲ್ಲಿ, ಇದು ಸದ್ದಿಲ್ಲದೆ ಬರುತ್ತದೆ. ಕಣ್ಣಿಗೆ ಕಾಣದಂತೆ ಬೆಳೆದು ಪೊರೆಯನ್ನೂ ಗ್ಲಾಕೋಮವನ್ನೂ ತಂದು, ಕೊನೆಗೆ ದೃಷ್ಟಿಯನ್ನೇ ಕಳೆಯಬಲ್ಲದು. ಮೊದಲೇ ಕಂಡರೆ ಕಣ್ಣಿನ ಹನಿಗಳಿಂದಲೂ ಔಷಧಿಗಳಿಂದಲೂ ಹತೋಟಿಗೆ ತರಬಹುದು. ಆದ್ದರಿಂದ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಮೂರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ಆಗಲೇಬೇಕು, ಕೀಲಿನ ಊತ ಪೂರ್ತಿ ಇಳಿದಿದ್ದರೂ ಆಗಬೇಕು. ನಮ್ಮ ಹುಡುಗಿಯ ದೃಷ್ಟಿ ಉಳಿಯಿತು. ತಾವು ಈ ಭಾಷಣದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ನೆನಪಿನಲ್ಲಿಡಬೇಕೆಂದು ಬೇಡಿಕೊಳ್ಳುತ್ತೇವೆ: ಮಗುವಿನ ಮಂಡಿ ಊದಿದರೆ ಕಣ್ಣನ್ನೂ ತೋರಿಸಿ.

ಚಿಕಿತ್ಸೆಯ ವಿಷಯದಲ್ಲಿ ಕಾಲ ಬಹಳ ಬದಲಾಗಿದೆ. ಒಂದು ಕಾಲದಲ್ಲಿ ಇಂಥ ಮಕ್ಕಳನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಆಸ್ಪಿರಿನ್ ಒಂದೇ ಆಧಾರವಾಗಿತ್ತು. ಈಗ ನೋವು ಊತಗಳನ್ನು ತಗ್ಗಿಸಲು ನ್ಯಾಪ್ರೊಕ್ಸೆನ್ ಮೊದಲಾದವನ್ನು ಕೊಡುತ್ತಾರೆ. ಒಂದೆರಡು ಕೀಲುಗಳಷ್ಟೇ ಊದಿದ್ದರೆ ಮಗುವಿಗೆ ಮಂಪರು ಬರಿಸಿ ಕೀಲಿನೊಳಕ್ಕೇ ಸ್ಟೀರಾಯ್ಡ್ ಸೂಜಿ ಹಾಕುತ್ತಾರೆ. ಅದರ ಗುಣ ಎಷ್ಟೋ ತಿಂಗಳು ನಿಲ್ಲುವುದುಂಟು. ರೋಗ ಹೆಚ್ಚಿದ್ದರೆ ಮೆಥೊಟ್ರೆಕ್ಸೇಟ್ ಎಂಬುದು ಮುಖ್ಯ ಔಷಧಿ. ಅಮೆರಿಕ ಮತ್ತು ಸೋವಿಯತ್ ದೇಶಗಳ ವೈದ್ಯರು ಕೂಡಿ ೧೨೭ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, ವಾರಕ್ಕೊಮ್ಮೆ ಕೊಡುವ ಅಲ್ಪ ಪ್ರಮಾಣವೇ ಫಲಕಾರಿಯೆಂದು ೧೯೯೨ರಲ್ಲಿ ಪ್ರಕಟಿಸಿದರು. ಇದು ಕ್ಯಾನ್ಸರಿನ ಔಷಧಿಯೆಂದು ಕೇಳಿ ತಾಯಂದಿರು ನಡುಗುವುದುಂಟು. ಕ್ಯಾನ್ಸರಿಗೂ ಬಳಸುತ್ತಾರೆ, ನಿಜ. ಆದರೆ ಅಲ್ಲಿಯ ಪ್ರಮಾಣ ಬಹು ದೊಡ್ಡದು. ಈ ಜಾತಿಯ ಔಷಧಿಗಳು ಹುಟ್ಟಿದ್ದು ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ. ಇದರ ಜೊತೆಯಲ್ಲಿ ಕೊಡುವ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೂ ಅವರ ತಂಡವೇ. ನಾವು ಯಾವ ತೆಲುಗು ಸೋದರರ ನಡುವೆ ಬಾಳುತ್ತಿದ್ದೇವೆಯೋ ಅವರ ನೆಲದ ಮಗನ ಬುದ್ಧಿಬಲ ಇಂದು ಕನ್ನಡದ ಮಕ್ಕಳನ್ನೂ ನಡೆಸುತ್ತಿದೆ.

ಈ ಔಷಧಿಯಲ್ಲಿ ಒಂದು ಎಚ್ಚರ ಅತ್ಯಗತ್ಯ. ಇದು ವಾರಕ್ಕೊಮ್ಮೆ ಮಾತ್ರ ಕೊಡತಕ್ಕದ್ದು. ತಪ್ಪಿ ದಿನವೂ ಕೊಟ್ಟರೆ ಪ್ರಾಣಾಪಾಯ. ವಾರದ ಒಂದು ದಿನವನ್ನು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕೊಟ್ಟೊಡನೆ ಗೆರೆ ಎಳೆಯಬೇಕು. ವೈದ್ಯರು ಹೇಳಿದ ಕಾಲಕ್ಕೆ ರಕ್ತವನ್ನೂ ಯಕೃತ್ತನ್ನೂ ಪರೀಕ್ಷಿಸಬೇಕು. ಲಸಿಕೆ ಹಾಕಿಸುವ ಮುನ್ನ ಕೇಳಬೇಕು. ಸಜೀವ ಲಸಿಕೆಗಳು ಎಲ್ಲ ಕಾಲಕ್ಕೂ ಹೊಂದವು. ಇದಕ್ಕೂ ಬಗ್ಗದ ರೋಗಕ್ಕೆ ಬಯಾಲಜಿಕ್ ಎಂಬ ಸೂಜಿಮದ್ದುಗಳು ಬಂದಿವೆ. ಇಟಾನರ್ಸೆಪ್ಟ್ ಎಂಬುದಕ್ಕೆ ಅಮೆರಿಕದಲ್ಲಿ ಮಕ್ಕಳಿಗಾಗಿ ೧೯೯೯ರಲ್ಲಿ ಅನುಮತಿ ದೊರೆಯಿತು. ಅವುಗಳಿಗೆ ಮುನ್ನ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಬೆಲೆ ದುಬಾರಿ, ಆದ್ದರಿಂದ ಸರ್ಕಾರದ ಆರೋಗ್ಯ ಯೋಜನೆಯಲ್ಲಿಯೂ ವಿಮೆಯಲ್ಲಿಯೂ ಏನು ದೊರೆಯುತ್ತದೆಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸುವುದು ಒಳಿತು. ಹೆಸರು ಬರೆಯದ ಪುಡಿ ಗುಳಿಗೆಗಳಿಂದ ಎರಡೇ ದಿನದಲ್ಲಿ ಗುಣವಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆ ಇಟ್ಟುಕೊಳ್ಳಬೇಕು. ಮೇಲ್ವಿಚಾರಣೆಯಿಲ್ಲದೆ ಬಹುಕಾಲ ನುಂಗಿದ ಸ್ಟೀರಾಯ್ಡ್ ಮಗುವಿನ ಎತ್ತರವನ್ನೂ ಮೂಳೆಯನ್ನೂ ತಿನ್ನುತ್ತದೆ; ತಟ್ಟನೆ ನಿಲ್ಲಿಸುವುದೂ ಅಪಾಯ.

ನೋವು ಹೋಯಿತೆಂದು ಮದ್ದು ಬಿಡುವುದು ಎಲ್ಲರೂ ಮಾಡಬಯಸುವ ಕೆಲಸ. ಬ್ಯಾಂಕಿನಲ್ಲಿ ನಾವು ದಿನವೂ ನೋಡುತ್ತೇವೆ: ನಾಲ್ಕು ಕಂತು ಸರಿಯಾಗಿ ಕಟ್ಟಿದವರು, ಸಾಲ ಹಗುರವಾಯಿತೆಂದು ಐದನೆಯದನ್ನು ಮರೆಯುತ್ತಾರೆ, ಬಡ್ಡಿ ಮರೆಯುವುದಿಲ್ಲ. ಈ ರೋಗವೂ ಹಾಗೆಯೇ. ಊತ ಇಳಿದ ಮೇಲೂ ಎಷ್ಟು ಕಾಲ ಮದ್ದು ನಡೆಯಬೇಕೆಂಬುದನ್ನು ವೈದ್ಯರೇ ನಿಶ್ಚಯಿಸಲಿ. ಅನೇಕ ಮಕ್ಕಳಲ್ಲಿ ರೋಗ ವರ್ಷಗಳ ಕಾಲ ಅಡಗುತ್ತದೆ, ಕೆಲವರಲ್ಲಿ ಮರುಕಳಿಸುತ್ತದೆ, ಕೆಲವರೊಡನೆ ದೊಡ್ಡವರಾಗುವವರೆಗೂ ಬರುತ್ತದೆ. ಪೂರ್ತಿ ಹೋಗುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಬೇಗ ಹಿಡಿದು ಬಿಡದೆ ಚಿಕಿತ್ಸೆ ಮಾಡಿದ ಮಗು ಬಹುಮಟ್ಟಿಗೆ ಎಲ್ಲರಂತೆ ಬೆಳೆಯಬಲ್ಲದು.

ಮನೆಯಲ್ಲಿಯೂ ಮಾಡಬೇಕಾದುದು ಬಹಳವಿದೆ. ಬೆಳಿಗ್ಗೆ ಬಿಸಿನೀರಿನ ಸ್ನಾನ ಬಿಗಿತವನ್ನು ಸಡಿಲಿಸುತ್ತದೆ. ವ್ಯಾಯಾಮತಜ್ಞರು ಕಲಿಸಿದ ಚಲನೆಗಳನ್ನು ದಿನವೂ ಮಾಡಿಸಬೇಕು. ಮಂಡಿ ಮಡಿಚಿದರೆ ನೋವು ಕಡಿಮೆಯೆಂದು ಅದರ ಕೆಳಗೆ ದಿಂಬಿಟ್ಟು ಮಲಗಿಸಿದರೆ ಅದು ಹಾಗೆಯೇ ಸೆಟೆದುಕೊಳ್ಳುತ್ತದೆ. ಈಜು, ಸೈಕಲ್ ಸವಾರಿ ಒಳ್ಳೆಯವು. ಹುಳಿ ಬಿಡಿಸಿ, ಮೊಸರು ಬಿಡಿಸಿ ಮಗುವನ್ನು ಒಣಗಿಸುವುದು ಬೇಡ. ಬೆಳೆಯುವ ಮೂಳೆಗೆ ಹಾಲು ಮೊಸರು ಬೇಕು. ಶಾಲೆಯ ಉಪಾಧ್ಯಾಯರಿಗೆ ರೋಗದ ಸ್ವರೂಪವನ್ನು ತಿಳಿಸಬೇಕು: ಪಾಠದ ನಡುವೆ ಎದ್ದು ಕಾಲಾಡಿಸಲು ಬಿಡಲಿ, ಮಹಡಿಯ ತರಗತಿ ತಪ್ಪಿಸಲಿ, ಕೈಬೆರಳು ಹಿಡಿದಿದ್ದರೆ ಬರೆಯಲು ಹೆಚ್ಚು ಹೊತ್ತು ಕೊಡಲಿ. ಅಂಗವೈಕಲ್ಯವುಳ್ಳವರ ಹಕ್ಕುಗಳ ೨೦೧೬ರ ಕಾಯಿದೆ ಅರ್ಹ ಮಕ್ಕಳಿಗೆ ಇಂಥ ಅನುಕೂಲಗಳನ್ನು ಕೇಳುವ ಹಕ್ಕನ್ನು ಕೊಟ್ಟಿದೆ. ಹೆಣ್ಣುಮಗುವಾದರೆ ಮದುವೆಯ ಚಿಂತೆಯಿಂದ ರೋಗವನ್ನು ಬಚ್ಚಿಡುವ ಮನೆಗಳನ್ನೂ ನಾವು ಕಂಡಿದ್ದೇವೆ. ಬಚ್ಚಿಟ್ಟ ರೋಗವೇ ಮುಂದೆ ಕುಂಟಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಮಹನೀಯರೆ, ಈ ಮಾತನ್ನು ಈ ಸಂಘದಲ್ಲಿಯೇ ಆಡಲು ಕಾರಣವಿದೆ. ೧೯೫೬ರ ನವೆಂಬರ್ ೧ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಂದು ಗಡಿ ಬದಲಾಯಿತು. ಆದರೆ ಕಾಯಿಲೆ ಬಿದ್ದವರ ದಾರಿ ಬದಲಾಗಲಿಲ್ಲ. ಇಂದಿಗೂ ಆ ಕಡೆಯ ಜನ ಜಹೀರಾಬಾದಿನ ಮಾರ್ಗವಾಗಿ ಈ ಊರಿಗೇ ಬರುತ್ತಾರೆ. ಪಂಜಾಗುಟ್ಟದಲ್ಲಿ, ೧೯೬೦ರ ದಶಕದಲ್ಲಿ ಮೂಳೆ ಚಿಕಿತ್ಸೆಯ ಆಸ್ಪತ್ರೆಯಾಗಿ ಆರಂಭವಾದ ನಿಜಾಮ್ಸ್ ಸಂಸ್ಥೆಯಲ್ಲಿ ಕೀಲುರೋಗಗಳಿಗೇ ಬೇರೆ ವಿಭಾಗವಿದೆ. ರೆಡ್‌ಹಿಲ್ಸಿನಲ್ಲಿ ಮಕ್ಕಳಿಗಾಗಿ ನಿಲೋಫರ್ ಆಸ್ಪತ್ರೆಯಿದೆ. ಕಣ್ಣಿಗೆಂದರೆ ದೂರ ಹೋಗಬೇಕಾಗಿಯೇ ಇಲ್ಲ. ಸರ್ಕಾರದ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ನಮ್ಮ ಮೆಹದಿಪಟ್ಟಣಂನಲ್ಲಿಯೇ ಇದೆ. ಇಷ್ಟೆಲ್ಲ ಇದ್ದೂ, ಹಳ್ಳಿಯಿಂದ ಬಂದ ತಾಯಿಗೆ ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿಯದು. ಚೀಟಿ ಬರೆಯುವವರು ತೆಲುಗಿನಲ್ಲಿ ಕೇಳುತ್ತಾರೆ, ಉರ್ದುವಿನಲ್ಲಿ ಗಠಿಯಾ ಎನ್ನುತ್ತಾರೆ. ಬೆಳಿಗ್ಗೆ ಬಿಗಿಯುತ್ತದೆ, ಮಧ್ಯಾಹ್ನ ಸಡಿಲಾಗುತ್ತದೆ ಎಂಬ ಮುಖ್ಯ ಸಂಗತಿಯನ್ನು ಆಕೆ ಕನ್ನಡದಲ್ಲಿ ಚೆನ್ನಾಗಿಯೇ ಹೇಳಬಲ್ಲಳು. ಅದು ವೈದ್ಯರ ಕಿವಿಗೆ ಮುಟ್ಟುವಾಗ ಕಾಲುನೋವು ಎಂಬ ಒಂದೇ ಪದವಾಗಿಬಿಡುತ್ತದೆ.

ಇಲ್ಲಿ ಕುಳಿತಿರುವ ನಾವೆಲ್ಲರೂ ಮೂರು ಭಾಷೆಗಳಲ್ಲಿ ವ್ಯವಹರಿಸಬಲ್ಲವರು. ವಾರದಲ್ಲಿ ಒಂದು ಬೆಳಿಗ್ಗೆ ನಮ್ಮಲ್ಲೊಬ್ಬರು ಅಂಥ ತಾಯಿಯ ಜೊತೆಗೆ ಆಸ್ಪತ್ರೆಗೆ ಹೋಗಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ವೈದ್ಯರಿಗೆ ಮುಟ್ಟಿಸಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಟ್ಟು ಕಳುಹಿಸುವ ಏರ್ಪಾಡನ್ನು ಸಂಘವು ಮಾಡಬೇಕೆಂದು ನಮ್ಮ ವಿಜ್ಞಾಪನೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಸರಿಯಾಗಿ ಬರೆದುಕೊಟ್ಟರೂ ಒಂದು ಜೀವ ಉಳಿಸಿದಂತಾಗುತ್ತದೆ. ಇದಕ್ಕೆ ಹೆಚ್ಚು ಹಣ ಬೇಡ. ಹೆಸರು ಕೊಡುವವರು ಹತ್ತು ಮಂದಿ ಸಾಕು. ಮೊದಲ ಹೆಸರಾಗಿ ನಮ್ಮದನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇವೆ. ಶನಿವಾರಗಳಲ್ಲಿ ಎರಡನೆಯದೂ ನಾಲ್ಕನೆಯದೂ ನಮಗೆ ಬಿಡುವು.